ಪೆಟ್ರೋಲ್ ಕಾರಿನ ಗದ್ದಲ ಮತ್ತು 40 ಮೀಟರ್ ಬ್ಯಾಂಡ್: ಮಂಡ್ಯದ ಒಂದು ಪ್ರಕರಣ

ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರೊಬ್ಬರು ತಮ್ಮ ಹಳೆಯ ಪೆಟ್ರೋಲ್ ಕಾರಿನಲ್ಲಿ ಹವ್ಯಾಸಿ ರೇಡಿಯೊ ರಿಗ್ (ಮಾತು ಕಳುಹಿಸುವ, ಕೇಳಿಸುವ ಸೆಟ್ಟು) ಅಳವಡಿಸಿಕೊಂಡಿದ್ದರು. ಎಂಜಿನ್ ಆರಿಸಿದ್ದಾಗ ಬೆಂಗಳೂರು, ಮಡಿಕೇರಿ, ಕೊಯಮತ್ತೂರುಗಳ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಮಾತು ಎದುರಿಗೆ ಕೂತು ಆಡಿದಷ್ಟು ಸ್ಪಷ್ಟವಾಗಿ ಕೇಳಿಸುತ್ತಿದ್ದ ಆ ರಿಗ್, ಎಂಜಿನ್ ಚಾಲೂ ಆದ ಕೂಡಲೇ ಕರ್ಕಶ ಸದ್ದನ್ನಲ್ಲದೆ ಬೇರೇನನ್ನೂ ಕೇಳಿಸುತ್ತಿರಲಿಲ್ಲ. ನನ್ನನ್ನು ಕರೆಯುವ ಮೊದಲೇ ಅವರು ಸ್ಪಾರ್ಕ್ ಪ್ಲಗ್‌ಗಳನ್ನು ಬದಲಾಯಿಸಿದ್ದರು. ಕಾರ್ ಆಡಿಯೊ ಅಂಗಡಿಯಿಂದ ಫಿಲ್ಟರ್ ಒಂದನ್ನು ತಂದು ಹಾಕಿಸಿದ್ದರು. ಎರಡರಿಂದಲೂ ಪ್ರಯೋಜನವಾಗದೆ ಪ್ಲಗ್‌ಗಳನ್ನು ತೆಗೆದು ಹಳೆಯವನ್ನೇ ಮತ್ತೆ ಕೂರಿಸಿದ್ದರು. ಈ ಕೊನೆಯ ಕೆಲಸವೇ ಇಡೀ ಪ್ರಕರಣದಲ್ಲಿ ಹೆಚ್ಚು ಗಮನಿಸಬೇಕಾದದ್ದು.

ಕಾರಿನಲ್ಲಿ ಶಾರ್ಟ್‌ವೇವ್ ಏಕೆ ಬೇಕು ಎಂಬ ಪ್ರಶ್ನೆಗೆ ನಮ್ಮ ಸೀಮೆಯ ಭೂಗೋಳವೇ ಉತ್ತರ ಕೊಡುತ್ತದೆ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟುಗಳ ಅಲೆಗಳು ಬಹುತೇಕ ನೇರ ದೃಷ್ಟಿಯ ದಾರಿಯಲ್ಲಿ ಸಾಗುವುದರಿಂದ ಕೊಡಗಿನ ಬೆಟ್ಟಗಳು ಅಡ್ಡ ಬಂದೊಡನೆ ಸಂಪರ್ಕ ಕಡಿದುಹೋಗುತ್ತದೆ. 40 ಮೀಟರ್ ಬ್ಯಾಂಡಿನ, ಅಂದರೆ 7 ಮೆಗಾಹರ್ಟ್ಸ್‌ನ ಶಾರ್ಟ್‌ವೇವ್ ಅಲೆಗಳಾದರೋ ಹಗಲಿನಲ್ಲಿ ಬಹುತೇಕ ನೆಟ್ಟಗೆ ಮೇಲಕ್ಕೆ ಹೋಗಿ, ಅಯಾನುಗೋಳಕ್ಕೆ ಬಡಿದು, ಸುತ್ತಲಿನ ನೂರಾರು ಕಿಲೋಮೀಟರ್ ಪ್ರದೇಶಕ್ಕೆ ಇಳಿಯುತ್ತವೆ; ನಡುವೆ ಬೆಟ್ಟವಿದ್ದರೂ ಕಣಿವೆಯಿದ್ದರೂ ಅವುಗಳಿಗೆ ಲೆಕ್ಕವಿಲ್ಲ. ಕಬಿನಿ, ಕಾವೇರಿಗಳು ತುಂಬಿ ಹರಿದು ನಂಜನಗೂಡಿನ ಕಡೆಯ ರಸ್ತೆ ಮುಳುಗುವಂಥ ಮಳೆಗಾಲದಲ್ಲಿ ಇದು ಬರಿಯ ಹವ್ಯಾಸವಾಗಿ ಉಳಿಯುವುದಿಲ್ಲ. ಮೇಷ್ಟ್ರ ರಿಗ್ 100 ವ್ಯಾಟಿನದು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ, ಮುಂದೆ ‘ಆಕಾಶವಾಣಿ’ ಎಂದು ಹೆಸರಾದ ಬಾನುಲಿ ಕೇಂದ್ರದ ಶಕ್ತಿ 30 ವ್ಯಾಟ್ ಆಗಿತ್ತು ಎಂಬುದನ್ನು ನೆನೆದರೆ, ಒಂದು ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಈಗ ಎಷ್ಟು ಶಕ್ತಿ ಕೂತಿದೆ ಎಂಬುದು ತಿಳಿಯುತ್ತದೆ. ಆದರೆ ಕಳುಹಿಸುವ ಶಕ್ತಿ ಎಷ್ಟಿದ್ದರೇನು, ಎದುರಿನವರ ಮಾತು ನಮ್ಮ ಗದ್ದಲದಲ್ಲಿ ಮುಳುಗಿಹೋದರೆ ಸಂಭಾಷಣೆಯೇ ಇಲ್ಲ.

ಕಾರಿನ ಎಂಜಿನ್ ರೇಡಿಯೊಗೆ ತೊಂದರೆ ಕೊಡುವುದರಲ್ಲಿ ವಿಚಿತ್ರವೇನೂ ಇಲ್ಲ. 1880ರ ದಶಕದ ಕೊನೆಯಲ್ಲಿ ಹರ್ಟ್ಸ್ ರೇಡಿಯೊ ಅಲೆಗಳನ್ನು ಉಂಟುಮಾಡಿ ತೋರಿಸಿದ್ದು ಕಿಡಿಯಿಂದಲೇ. ಮಾರ್ಕೋನಿಯ ಮೊದಲ ಪ್ರೇಷಕಗಳೂ ಕಿಡಿಯನ್ನೇ ನಂಬಿದ್ದವು. ಪ್ಲಗ್‌ನಲ್ಲಿ ಕಿಡಿ ಹಾರುವಾಗ ವಿದ್ಯುತ್ ಪ್ರವಾಹ ಅತ್ಯಲ್ಪ ಕಾಲದಲ್ಲಿ ಚಿಮ್ಮಿ ಏರುವುದರಿಂದ ಅದರ ಶಕ್ತಿ ಯಾವುದೋ ಒಂದು ಆವರ್ತನದಲ್ಲಿ ನಿಲ್ಲದೆ ನೂರಾರು ಮೆಗಾಹರ್ಟ್ಸ್‌ವರೆಗೆ ಹರಡಿಕೊಳ್ಳುತ್ತದೆ. ಹೀಗಾಗಿ ‘ಎಂಜಿನ್ ಗದ್ದಲ’ ಎಂದರೆ ಪ್ಲಗ್ಗಿನ ಗದ್ದಲ ಎಂಬ ನಂಬಿಕೆ ಗ್ಯಾರೇಜುಗಳಲ್ಲೂ ಹ್ಯಾಮ್‌ಗಳಲ್ಲೂ ಬೇರೂರಿದೆ. ಮೇಷ್ಟ್ರ ಕಾರಿನ ಎಲೆಕ್ಟ್ರಿಷಿಯನ್ ಕೂಡ, “ಪ್ಲಗ್ ಬದ್ಲಾಯ್ಸುದ್ರೆ ಸರಿ ಹೋಯ್ತದೆ ಬುಡಿ ಮೇಷ್ಟ್ರೇ” ಎಂದಿದ್ದರು. ಅವರ ಮಾತು ಪೂರ್ತಿ ತಪ್ಪಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ವಾಹನಗಳಿಂದ ಹೊಮ್ಮುವ ರೇಡಿಯೊ ಗದ್ದಲಕ್ಕೆ ನಿಯಮಗಳಿಲ್ಲವೇ ಎಂದು ಮೇಷ್ಟ್ರು ಕೇಳಿದರು. ಇವೆ. ಆದರೆ ರಸ್ತೆಬದಿಯ ಮನೆಗಳ ರೇಡಿಯೊ, ಟಿವಿಗಳನ್ನು ಕಾಪಾಡಲು ಬಹುಕಾಲದಿಂದ ಬಳಕೆಯಲ್ಲಿರುವ ಸಿಸ್ಪರ್ 12 ಎಂಬ ಅಂತರರಾಷ್ಟ್ರೀಯ ಮಾನದಂಡದ ಮಿತಿಗಳು ಆರಂಭವಾಗುವುದೇ 30 ಮೆಗಾಹರ್ಟ್ಸ್‌ನಿಂದ. ಕಾರಿನೊಳಗಿನ ರೇಡಿಯೊಗಾಗಿ ಇರುವ ಸಿಸ್ಪರ್ 25 ಇನ್ನೂ ಕೆಳಗಿನ ಆವರ್ತನಗಳನ್ನು ಒಳಗೊಂಡಿದ್ದರೂ ಅದು ಕಂಪನಿಯವರು ತಾವೇ ಕೂರಿಸಿಕೊಟ್ಟ ಉಪಕರಣಗಳನ್ನು ಗಮನದಲ್ಲಿಟ್ಟುಕೊಂಡದ್ದು. ಕೊಂಡವರು ಡಿಕ್ಕಿಯ ಮೇಲೆ ನಿಲ್ಲಿಸುವ ಉದ್ದನೆಯ ಆಂಟೆನಾದ ಗೊಡವೆ ಅದಕ್ಕಿಲ್ಲ. ಎಲ್ಲ ಪರೀಕ್ಷೆಗಳಲ್ಲೂ ಪಾಸಾದ ಕಾರು 7 ಮೆಗಾಹರ್ಟ್ಸ್‌ನಲ್ಲಿ ಕಿವಿ ಕಿವುಡಾಗುವಷ್ಟು ಗದ್ದಲ ಮಾಡಬಹುದು, ಅದರ ಮೇಲೆ ದೂರು ಹೇಳಲು ಬಾಯಿಲ್ಲ.

ಪರೀಕ್ಷೆ ನಡೆದ ಬಗೆ

ಮಂಡ್ಯ ಪಟ್ಟಣದೊಳಗೆ ಇಂಥ ಪರೀಕ್ಷೆ ಮಾಡಿ ಉಪಯೋಗವಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾದರಿಯ ಪ್ರಕಾರ ಮಾನವನಿರ್ಮಿತ ರೇಡಿಯೊ ಗದ್ದಲ ಹಳ್ಳಿಗಾಡಿಗಿಂತ ನಗರದಲ್ಲಿ ಸುಮಾರು 10 ಡೆಸಿಬೆಲ್ ಹೆಚ್ಚು, ಅಂದರೆ ಶಕ್ತಿಯ ಲೆಕ್ಕದಲ್ಲಿ ಹತ್ತಿರ ಹತ್ತಿರ 10 ಪಟ್ಟು. ಆದ್ದರಿಂದ ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ದಾರಿಯಲ್ಲಿ, ಬೆಟ್ಟದ ಬುಡದಲ್ಲಿ, ಕರೆಂಟು ತಂತಿಗಳಿಂದ ದೂರವಿದ್ದ ಬಯಲೊಂದನ್ನು ಆರಿಸಿಕೊಂಡು ಅಲ್ಲಿ ಕಾರು ನಿಲ್ಲಿಸಿದೆವು. ಹೊತ್ತು ನಡುಮಧ್ಯಾಹ್ನ. ಸೂರ್ಯ ಇಳಿದ ಮೇಲೆ ದೂರ ದೂರದ ಸಿಡಿಲಿನ ಸದ್ದುಗಳೆಲ್ಲ ಈ ಬ್ಯಾಂಡಿನಲ್ಲಿ ಬಂದು ಸೇರುತ್ತವೆ. ಹಗಲಿನಲ್ಲಾದರೆ ಅಯಾನುಗೋಳದ ಕೆಳಪದರ ಅವುಗಳಲ್ಲಿ ಬಹುಪಾಲನ್ನು ಹೀರಿಬಿಡುತ್ತದೆ. ನಾಯ್ಸ್ ಬ್ಲಾಂಕರ್ (ಸಿಡಿತದಂಥ ಸದ್ದುಗಳನ್ನು ಅಳಿಸುವ ಸೌಲಭ್ಯ), ಪ್ರೀಆ್ಯಂಪ್ (ಬರುವ ಸಂಕೇತವನ್ನು ಹಿಗ್ಗಿಸುವ ಸೌಲಭ್ಯ) ಎಲ್ಲವನ್ನೂ ಆರಿಸಿ, ಯಾರೂ ಮಾತಾಡದ ಒಂದು ಆವರ್ತನಕ್ಕೆ ರಿಗ್ಗನ್ನು ಹೊಂದಿಸಿ, ಬೀಗದ ಕೈಯನ್ನು ಒಂದೊಂದೇ ಹಂತಕ್ಕೆ ತಿರುಗಿಸುತ್ತ, ಒಳಬರುವ ಸಂಕೇತದ ಬಲ ತೋರಿಸುವ ಎಸ್-ಮೀಟರಿನ ಮುಳ್ಳನ್ನೂ ಸ್ಪೀಕರಿನ ಸದ್ದನ್ನೂ ಗಮನಿಸುವುದಷ್ಟೇ ನಮ್ಮ ವಿಧಾನವಾಗಿತ್ತು.

ಎಲ್ಲವೂ ಆರಿದ್ದಾಗ ಮುಳ್ಳು ಎಸ್3ರಲ್ಲಿತ್ತು. ಸಿಗರೇಟ್ ಲೈಟರ್ ಸಾಕೆಟ್ಟಿನಲ್ಲಿದ್ದ ಮೊಬೈಲ್ ಚಾರ್ಜರ್‌ಗೆ ವಿದ್ಯುತ್ ಬರುವ ಹಂತಕ್ಕೆ ಕೈ ತಿರುಗಿಸಿದಾಗ ಎಸ್5ಕ್ಕೆ ಏರಿ ಅಲ್ಲೇ ನಿಂತಿತು. ನಂತರ ಎಂಜಿನ್ ಚಾಲೂ ಮಾಡದೆ ಕೈಯನ್ನು ‘ಆನ್’ಗೆ ತಂದೆವು. ಹಿಂದಿನ ಸೀಟಿನ ಕೆಳಗೆ ‘ಝುಂಯ್’ ಎಂಬ ಸಣ್ಣ ಶಬ್ದವಾಯಿತು, ಅದೇ ಗಳಿಗೆಯಲ್ಲಿ ಸ್ಪೀಕರಿನಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದಂಥ ಸದ್ದು ಭರ್ರನೆ ಎದ್ದು ಮುಳ್ಳು ಎಸ್8ಕ್ಕೆ ಹಾರಿತು. ಎರಡೇ ಸೆಕೆಂಡು, ಎರಡೂ ಒಟ್ಟಿಗೆ ನಿಂತುಹೋದವು. ಎಂಜಿನ್ ಇನ್ನೂ ತಿರುಗಿಯೇ ಇರಲಿಲ್ಲ. ಒಂದೂ ಕಿಡಿ ಹಾರಿರಲಿಲ್ಲ. ಮೇಷ್ಟ್ರು ಕೈಯನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಆನ್ ಮಾಡಿ ನೋಡಿದರು, ಹಾಗೆಯೇ ಆಯಿತು.

ಅದು ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪು. ಇಂಜೆಕ್ಷನ್ ವ್ಯವಸ್ಥೆಯ ಕಾರುಗಳಲ್ಲಿ ಕೈಯನ್ನು ಆನ್‌ಗೆ ತಂದಾಗ ಪಂಪು ಸ್ವಲ್ಪ ಹೊತ್ತು ಓಡಿ ಪೈಪಿನಲ್ಲಿ ಒತ್ತಡ ತುಂಬಿಸಿ ನಿಲ್ಲುತ್ತದೆ, ಎಂಜಿನ್ ಚಾಲೂ ಆದ ಮೇಲೆ ಬಿಡುವಿಲ್ಲದೆ ಓಡುತ್ತಿರುತ್ತದೆ. ಇಂಥ ಕಾರುಗಳ ಪಂಪುಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ರಷ್ ಇರುವ ಡಿಸಿ ಮೋಟಾರು; ಬ್ರಷ್ಷು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಜಾರುವಾಗಲೆಲ್ಲ ಚಿಕ್ಕ ಚಿಕ್ಕ ಕಿಡಿಗಳು ಹಾರುತ್ತವೆ. ಪ್ಲಗ್ಗಿನ ಕಿಡಿ ದೊಡ್ಡದಾದರೂ ಬಾನೆಟ್ಟಿನ ಕೆಳಗೆ, ಕಬ್ಬಿಣದ ಪೆಟ್ಟಿಗೆಯೊಳಗೆ ಇರುತ್ತದೆ. ಈ ಪಂಪಿನ ತಂತಿಗಳಾದರೋ ಹಿಂದಿನ ಸೀಟಿನ ಕೆಳಗೆ, ಡಿಕ್ಕಿಯ ಮುಚ್ಚಳದ ಮೇಲೆ ನಿಂತ ಆಂಟೆನಾದಿಂದ ಮಾರು ದೂರದಲ್ಲೇ ಹಾದುಹೋಗಿದ್ದವು.

ಎಂಜಿನ್ ಚಾಲೂ ಮಾಡಿದಾಗ ಮುಳ್ಳು ಎಸ್8ರಲ್ಲೇ ನಿಂತಿತು. ಆಕ್ಸಿಲರೇಟರ್ ಒತ್ತಿದರೂ ಅಲ್ಲಾಡಲಿಲ್ಲ. ಆದರೆ ಕಿವಿಗೊಟ್ಟು ಕೇಳಿದಾಗ ಆ ಭರಾಟೆಯ ಹಿಂದೆ ಟಿಕ್‌ಟಿಕ್ ಎಂಬ ಇನ್ನೊಂದು ಸದ್ದು ಎಂಜಿನ್ನಿನ ವೇಗಕ್ಕೆ ತಕ್ಕಂತೆ ಒತ್ತಾಗುತ್ತಿದ್ದುದು ಮಸುಕಾಗಿ ಗೊತ್ತಾಗುತ್ತಿತ್ತು. ಕೊನೆಗೆ ಆಂಟೆನಾದ ಪ್ಲಗ್ಗನ್ನು ರಿಗ್ಗಿನಿಂದ ಕಿತ್ತೆವು. ಮುಳ್ಳು ಸೊನ್ನೆಗೆ ಬಿತ್ತು; ಆದರೆ ಸ್ಪೀಕರಿನಲ್ಲಿ ಸಣ್ಣ ಸಿಳ್ಳೆಯೊಂದು ಉಳಿಯಿತು. ಆಕ್ಸಿಲರೇಟರ್ ಒತ್ತಿದಾಗ ಅದರ ಸ್ವರ ಏರುತ್ತಿತ್ತು, ಹೆಡ್‌ಲೈಟ್ ಹಾಕಿದಾಗ ಜೋರಾಗುತ್ತಿತ್ತು. ಇದು ಎಂಜಿನ್ನಿನಿಂದ ತಿರುಗಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನದು. ಆರು ಜೋಡಿ ಧ್ರುವಗಳ ಸಾಮಾನ್ಯ ಆಲ್ಟರ್ನೇಟರು ಒಂದು ಸುತ್ತಿಗೆ 36 ಏರಿಳಿತಗಳನ್ನು ಬಿಡುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಆಲ್ಟರ್ನೇಟರು ಅದರ ಎರಡೂವರೆ ಪಟ್ಟು ತಿರುಗಿದರೆ ಸ್ವರ 1200 ಹರ್ಟ್ಸ್ ಆಗುತ್ತದೆ, ಕಿವಿಗೆ ಚೆನ್ನಾಗಿ ಚುಚ್ಚುವ ಜಾಗ. ಇದು ಆಂಟೆನಾದಿಂದಲ್ಲ, ವಿದ್ಯುತ್ ತಂತಿಯಿಂದ ಒಳಬರುವಂಥದ್ದು. ಮೇಷ್ಟ್ರು ಮಾತಾಡುವಾಗ ಹಿಂದೆ ಸಿಳ್ಳೆ ಕೇಳಿಸುತ್ತದೆ ಎಂದು ಬೆಂಗಳೂರಿನ ಹ್ಯಾಮ್‌ಗಳು ಹೇಳುತ್ತಿದ್ದುದಕ್ಕೂ ಇದೇ ಕಾರಣ.

ಹೊಸ ಪ್ಲಗ್ ಏಕೆ ಕೆಲಸ ಮಾಡಿದಂತೆ ಕಾಣಲಿಲ್ಲ

ಒಂದೇ ಗದ್ದಲವೆಂದು ಮೇಷ್ಟ್ರು ಭಾವಿಸಿದ್ದರಲ್ಲಿ ನಾಲ್ಕು ಸೇರಿಕೊಂಡಿದ್ದವು: ಚಾರ್ಜರಿನದು, ಪಂಪಿನದು, ಪ್ಲಗ್ಗಿನದು, ಆಲ್ಟರ್ನೇಟರಿನದು. ಹೀಗೆ ಹಲವು ಮೂಲಗಳು ಕೂಡಿದಾಗ ಮೀಟರು ತೋರಿಸುವುದು ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಮಾತ್ರ. ಲೆಕ್ಕ ಸುಲಭವಾಗಿದೆ. ಹವ್ಯಾಸಿಗಳ ಒಪ್ಪಿತ ಅಳತೆಯಲ್ಲಿ ಎಸ್9 ಎಂದರೆ 50 ಮೈಕ್ರೊವೋಲ್ಟ್, ಅಲ್ಲಿಂದ ಕೆಳಗೆ ಪ್ರತಿ ಮೆಟ್ಟಿಲಿಗೂ 6 ಡೆಸಿಬೆಲ್. ಪಂಪಿನ ಗದ್ದಲ ಎಸ್8, ಪ್ಲಗ್ಗಿನದು ಎಸ್6 ಎಂದುಕೊಳ್ಳೋಣ. ನಡುವಿನ 12 ಡೆಸಿಬೆಲ್ ಅಂತರವೆಂದರೆ ಪ್ಲಗ್ಗಿನದು ಪಂಪಿನದರ ಹದಿನಾರನೇ ಒಂದು ಪಾಲು ಶಕ್ತಿ. ಪ್ಲಗ್ಗಿನ ಗದ್ದಲವನ್ನು ಸಂಪೂರ್ಣವಾಗಿ ಅಳಿಸಿಹಾಕಿದರೂ ಒಟ್ಟು ಗದ್ದಲ ಇಳಿಯುವುದು ಕಾಲು ಡೆಸಿಬೆಲ್ಲಿಗಿಂತ ತುಸು ಹೆಚ್ಚು. ಅದನ್ನು ಮುಳ್ಳೂ ತೋರಿಸದು, ಕಿವಿಯೂ ಗುರುತಿಸದು. ಮಾಡಿದ ರಿಪೇರಿ ಸರಿಯಾಗಿಯೇ ಇತ್ತು, ಫಲಿತಾಂಶ ಮಾತ್ರ ಸೊನ್ನೆಯಾಗಿ ಕಂಡಿತು, ಆದ್ದರಿಂದ ಅದನ್ನು ರದ್ದು ಮಾಡಲಾಯಿತು. ಹಳೆಯ ಪ್ಲಗ್ಗಿನ ತುದಿಯಿಂದ ನಡುವಿನ ಎಲೆಕ್ಟ್ರೋಡಿಗೆ ಮಲ್ಟಿಮೀಟರ್ ಹಿಡಿದಾಗ ರೋಧ ಹೆಚ್ಚುಕಡಿಮೆ ಸೊನ್ನೆ. ಡಿಕ್ಕಿಯ ಚೀಲದಲ್ಲಿ ಬಿದ್ದಿದ್ದ ಹೊಸ ಪ್ಲಗ್ಗಿನಲ್ಲಿ ಸುಮಾರು 5 ಕಿಲೋಓಮ್. ಪ್ಲಗ್ಗಿನ ಮೇಲಿನ ಸಂಖ್ಯೆಯ ನಡುವೆ ‘ಆರ್’ ಅಕ್ಷರವಿದ್ದರೆ ಒಳಗೆ ರೆಸಿಸ್ಟರ್ ಇದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಕಿಡಿಯ ಪ್ರವಾಹ ತೀರ ಹಠಾತ್ತನೆ ಚಿಮ್ಮದಂತೆ ತಡೆಯುವುದು ಆ ರೆಸಿಸ್ಟರಿನ ಕೆಲಸ.

ಒಂದು ಎಚ್ಚರಿಕೆಯ ಮಾತು. ನಿಜವಾದ ರಿಗ್ಗುಗಳ ಎಸ್-ಮೀಟರ್ ಕೆಳಗಿನ ಮೆಟ್ಟಿಲುಗಳಲ್ಲಿ 6 ಡೆಸಿಬೆಲ್ ನಿಯಮವನ್ನು ಅಷ್ಟಾಗಿ ಪಾಲಿಸುವುದಿಲ್ಲ. ಇಲ್ಲಿ ಕೊಟ್ಟ ಅಂಕಿಗಳನ್ನು ಒಂದಕ್ಕಿಂತ ಒಂದು ಹೆಚ್ಚು ಕಡಿಮೆ ಎಂದು ಹೋಲಿಸಲಷ್ಟೇ ಬಳಸಬೇಕು.

ಡಿಕ್ಕಿಯ ಮುಚ್ಚಳ

ಚಾರ್ಜರನ್ನು ಕಿತ್ತದ್ದಕ್ಕೆ ಖರ್ಚಿಲ್ಲ. ಪಂಪಿನ ವಿಷಯದಲ್ಲಿ ಟ್ಯಾಂಕಿಗೆ ಕೈ ಹಾಕುವ ಯೋಚನೆಯನ್ನೇ ಮಾಡಲಿಲ್ಲ. ಪೆಟ್ರೋಲ್ ಆವಿಯ ಜೊತೆ ಹುಡುಗಾಟ ಸಲ್ಲದು. ಸೀಟಿನ ಕೆಳಗೆ ಹೊರಗಡೆ ಸಿಗುವ ಪಂಪಿನ ತಂತಿಗಳನ್ನೆಲ್ಲ ಒಟ್ಟಾಗಿ, ರೇಡಿಯೊ ಆವರ್ತನದ ಪ್ರವಾಹವನ್ನು ತಡೆಯುವ ಒಂದು ಫೆರೈಟ್ ಉಂಗುರದ ಮೂಲಕ ಹಲವು ಸುತ್ತು ಸುತ್ತಿದೆವು. ಉಂಗುರದೊಳಗೆ ಒಮ್ಮೆ ಹಾದುಹೋಗುವ ತಂತಿಗೂ ಐದು ಸುತ್ತು ಸುತ್ತಿದ ತಂತಿಗೂ ಬಹಳ ಅಂತರವಿದೆ, ಏಕೆಂದರೆ ತಡೆಯ ಪ್ರಮಾಣ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಉಂಗುರದ ವಸ್ತುವೂ ಮುಖ್ಯ: ಹ್ಯಾಮ್‌ಗಳು ‘31’ ಎಂದು ಕರೆಯುವ ಮ್ಯಾಂಗನೀಸ್-ಸತು ಬಗೆಯದು ಶಾರ್ಟ್‌ವೇವಿಗೆ ಒಗ್ಗುತ್ತದೆ. ಹಳೆಯ ಕಂಪ್ಯೂಟರ್ ಕೇಬಲ್ಲಿನಿಂದ ಕಿತ್ತ ಯಾವುದೋ ಉಂಗುರ ಕೆಲಸ ಮಾಡಿದರೆ ಅದೃಷ್ಟ. ಮುಳ್ಳು ಎಸ್8ರಿಂದ ಎಸ್7ಕ್ಕೆ ಇಳಿಯಿತು. ನಿರೀಕ್ಷೆಗಿಂತ ಇದು ಕಡಿಮೆ.

ನಿಜವಾದ ದೋಷ ಆಂಟೆನಾ ನಿಂತ ಜಾಗದಲ್ಲಿತ್ತು. 7.1 ಮೆಗಾಹರ್ಟ್ಸ್‌ನಲ್ಲಿ ಕಾಲು ಅಲೆಯುದ್ದದ ಆಂಟೆನಾ ಸುಮಾರು ಹತ್ತೂವರೆ ಮೀಟರ್ ಉದ್ದವಿರಬೇಕು. ಕಾರಿನ ಮೇಲೆ ನಿಲ್ಲಿಸಬಹುದಾದದ್ದು ಸುರುಳಿ ಸೇರಿಸಿದ ಎರಡೂವರೆ ಮೀಟರಿನ ಕಡ್ಡಿ. ಇಂಥ ಗಿಡ್ಡ ಆಂಟೆನಾಕ್ಕೆ ಕಾರಿನ ಇಡೀ ಲೋಹದ ಮೈಯೇ ಉಳಿದರ್ಧ. ಮೇಷ್ಟ್ರ ಆಂಟೆನಾದ ಬುಡವಿದ್ದದ್ದು ಡಿಕ್ಕಿಯ ಮುಚ್ಚಳದ ಅಂಚಿನಲ್ಲಿ. ಆ ಮುಚ್ಚಳ ಸುತ್ತಲೂ ರಬ್ಬರ್ ಬೀಡಿಂಗಿನ ಮೇಲೆ ಕೂತಿದ್ದು, ಕಾರಿನ ಮೈಗೆ ತಗಲುತ್ತಿದ್ದದ್ದು ಬಣ್ಣ ಬಳಿದ ಕೀಲುಗಳ ಮೂಲಕ ಮಾತ್ರ. ಆಂಟೆನಾದ ಪ್ರವಾಹಕ್ಕೆ ಮೈಯ ದಾರಿ ಸರಿಯಾಗಿ ಸಿಗದೆ ಅದು ಆಂಟೆನಾದಿಂದ ರಿಗ್ಗಿಗೆ ಬರುವ ಕೋಆ್ಯಕ್ಸ್ ಕೇಬಲ್ಲಿನ ಹೊರಗವಚವನ್ನೇ ದಾರಿ ಮಾಡಿಕೊಂಡಿತ್ತು. ಆ ಕೇಬಲ್ಲು ಪಂಪಿನ ತಂತಿಗಳ ಪಕ್ಕಕ್ಕೇ ಅಂಟಿಕೊಂಡಂತೆ ಸೀಟಿನ ಕೆಳಗೆ ಹಾದಿತ್ತು. ಹೀಗಾಗಿ ಆಂಟೆನಾದ ಒಂದು ಭಾಗ ಕಾರಿನೊಳಗೆ, ಗದ್ದಲದ ಮಗ್ಗುಲಲ್ಲೇ ಮಲಗಿದಂತಾಗಿತ್ತು.

ಎರಡೂ ಕೀಲುಗಳ ಬಳಿ ಬಣ್ಣವನ್ನು ಉಪ್ಪು ಕಾಗದದಿಂದ ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆ ಅಗಲವಾದ ಹೆಣೆದ ತಾಮ್ರದ ಪಟ್ಟಿಯಿಂದ ಮುಚ್ಚಳವನ್ನು ಮೈಗೆ ಬಿಗಿದು, ತುಕ್ಕು ಹಿಡಿಯದಂತೆ ಗ್ರೀಸ್ ಸವರಿದೆವು. ದುಂಡನೆಯ ತಂತಿ ಇಲ್ಲಿ ಅಷ್ಟು ಸರಿಬರುವುದಿಲ್ಲ. ರೇಡಿಯೊ ಆವರ್ತನದ ಪ್ರವಾಹ ಮೇಲ್ಮೈಯಲ್ಲಿ ಹರಿಯುವುದರಿಂದ ಅಗಲವಾದ, ಗಿಡ್ಡನೆಯ ಪಟ್ಟಿಯೇ ಬೇಕು. ಕೋಆ್ಯಕ್ಸನ್ನು ಪಂಪಿನ ತಂತಿಯಿಂದ ದೂರ, ಇನ್ನೊಂದು ಬದಿಯಿಂದ ತಂದು, ಅದಕ್ಕೂ ಆಂಟೆನಾದ ಬುಡದ ಬಳಿ ಫೆರೈಟ್ ಹಾಕಲಾಯಿತು. ಪಂಪು ಓಡುವಾಗಿನ ಗದ್ದಲ ಎಸ್4ಕ್ಕೆ ಬಂದು ನಿಂತಿತು.

ಇಲ್ಲೊಂದು ಗಾಬರಿ ಎದುರಾಯಿತು. ಅಲ್ಲಿಯವರೆಗೆ 1.3ರ ಆಸುಪಾಸಿನಲ್ಲಿದ್ದ ಎಸ್‌ಡಬ್ಲ್ಯುಆರ್ (ಆಂಟೆನಾ ರಿಗ್ಗಿಗೆ ಎಷ್ಟು ಹೊಂದುತ್ತದೆ ಎಂಬುದರ ಅಳತೆ; 1 ಇದ್ದರೆ ಪೂರ್ತಿ ಹೊಂದಿಕೆ) 2ನ್ನು ದಾಟಿತು. “ಕೆಟ್ಟೇ ಹೋಯಿತಲ್ಲ ಸಾರ್” ಎಂದರು ಮೇಷ್ಟ್ರು. ವಾಸ್ತವವಾಗಿ ಅದು ಒಳ್ಳೆಯ ಲಕ್ಷಣ. ಇಷ್ಟು ಗಿಡ್ಡ ಆಂಟೆನಾದ ಬುಡದಲ್ಲಿ ಕಾಣಬೇಕಾದ ರೋಧ ರಿಗ್ಗಿಗೆ ಒಗ್ಗುವ 50 ಓಮ್‌ಗಿಂತ ಬಹಳ ಕಡಿಮೆ; ಹಿಂದೆ ಅದು 50ರ ಹತ್ತಿರ ಕಾಣುತ್ತಿದ್ದುದು ಕೆಟ್ಟ ಜೋಡಣೆಯಲ್ಲಿ ಶಕ್ತಿ ಬಿಸಿಯಾಗಿ ಪೋಲಾಗುತ್ತಿದ್ದುದರಿಂದ. ಪೋಲಾಗುವುದು ನಿಂತೊಡನೆ ರೋಧ ಇಳಿದು ಎಸ್‌ಡಬ್ಲ್ಯುಆರ್ ಏರಿತು. ಬುಡದಲ್ಲಿ ಆಂಟೆನಾ ಮತ್ತು ಕಾರಿನ ಮೈಯ ನಡುವೆ ಕೆಲವೇ ಸುತ್ತಿನ ಸುರುಳಿಯೊಂದನ್ನು ಸೇರಿಸಿ ಹೊಂದಿಸಿದಾಗ ಅದೂ ಸರಿಯಾಯಿತು. ಕಾರಿನ ಆಂಟೆನಾದಲ್ಲಿ ಯಾವ ಹೊಂದಾಣಿಕೆಯೂ ಇಲ್ಲದೆ ಎಸ್‌ಡಬ್ಲ್ಯುಆರ್ ಚೆನ್ನಾಗಿದ್ದರೆ ನಾನು ಮೊದಲು ಅನುಮಾನಪಡುವುದು ಅದನ್ನೇ.

ಪಂಪಿನ ಭರಾಟೆ ಇಳಿದ ಮೇಲೆ ಎಂಜಿನ್ ಚಾಲೂ ಮಾಡಿದಾಗ ಹಿಂದೆ ಅಡಗಿದ್ದ ಟಿಕ್‌ಟಿಕ್ ಸದ್ದು ಎಸ್6ರಲ್ಲಿ ಢಾಳಾಗಿ ಎದ್ದು ಬಂತು. ಡಿಕ್ಕಿಯ ಚೀಲದಲ್ಲಿದ್ದ ಆ ಹೊಸ ಪ್ಲಗ್‌ಗಳನ್ನೇ ಹಾಕಿದೆವು; ಬಾನೆಟ್ಟನ್ನೂ ತಾಮ್ರದ ಪಟ್ಟಿಯಿಂದ ಮೈಗೆ ಜೋಡಿಸಿದೆವು. ಮುಳ್ಳು ಎಸ್4ಕ್ಕಿಳಿಯಿತು. ಮೊದಲು ಯಾವ ಗುಣವನ್ನೂ ತೋರಿಸದ ಪ್ಲಗ್‌ಗಳು ಈಗ ಎರಡು ಮೆಟ್ಟಿಲು ಇಳಿಸಿದವು. ಉಳಿದ ಟಿಕ್‌ಟಿಕ್ಕಿಗೆ ರಿಗ್ಗಿನ ನಾಯ್ಸ್ ಬ್ಲಾಂಕರ್ ಸಾಕಾಯಿತು. ಬ್ಲಾಂಕರಿಗೆ ಬೇಕಾದದ್ದು ಬಿಡಿಬಿಡಿಯಾದ, ಚಿಕ್ಕ ಸ್ಪಂದಗಳು. ಪಂಪಿನ ಎಡೆಬಿಡದ ಭರಾಟೆಯಲ್ಲಿ ಅದಕ್ಕೆ ಹಿಡಿಯಲು ಏನೂ ಸಿಕ್ಕಿರಲಿಲ್ಲ.

ಆಲ್ಟರ್ನೇಟರಿನ ಸಿಳ್ಳೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ರಿಗ್ಗಿಗೆ ವಿದ್ಯುತ್ತನ್ನು ಡ್ಯಾಶ್‌ಬೋರ್ಡಿನ ಫ್ಯೂಸ್ ಪೆಟ್ಟಿಗೆಯಿಂದ ಎಳೆಯಲಾಗಿತ್ತು. ದಪ್ಪ ತಂತಿಯನ್ನು ಬ್ಯಾಟರಿಯ ಪಾಸಿಟಿವ್‌ನಿಂದ ನೇರವಾಗಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ ತಂದೆವು. ನೆಗೆಟಿವನ್ನು ಬ್ಯಾಟರಿ ಮೈಗೆ ಸೇರುವ ಬೋಲ್ಟಿಗೆ ಕೊಟ್ಟೆವು. ಸಿಳ್ಳೆ ನಿಂತಿತು. ಅಂಗಡಿಯ ಫಿಲ್ಟರನ್ನು ತೆಗೆದುಹಾಕಿದೆವು. 100 ವ್ಯಾಟಿನ ರಿಗ್ ಮಾತಾಡುವಾಗ 20 ಆಂಪಿಯರ್ ಎಳೆಯುತ್ತದೆ, ಸ್ಟೀರಿಯೊಗಾಗಿ ಮಾಡಿದ ಆ ಡಬ್ಬಿ ಅಷ್ಟಕ್ಕೆ ಬಿಸಿಯಾಗಿ ವೋಲ್ಟೇಜನ್ನು ಕುಗ್ಗಿಸುತ್ತಿತ್ತು.

ರಸ್ತೆಯ ಮೇಲೆ

ಹಳೆಯ ಬೆಂಗಳೂರು-ಮೈಸೂರು ರಸ್ತೆಯಲ್ಲಿ ಶ್ರೀರಂಗಪಟ್ಟಣದ ಕಡೆ ಹೋಗುವಾಗ ಕಬ್ಬಿನ ಗದ್ದೆಗಳ ನಡುವಿನ ಒಂದು ಜಾಗದಲ್ಲಿ ಗದ್ದಲ ಮತ್ತೆ ಎಸ್9ಕ್ಕೆ ಏರಿತು. ಪ್ಲಗ್ಗಿನ ತಂತಿಯೇ ಕಳಚಿರಬೇಕೆಂದು ಮೇಷ್ಟ್ರು ಕಾರು ನಿಲ್ಲಿಸಹೊರಟರು. ಕಾಕತಾಳೀಯವೊಂದು ಅವರನ್ನು ಹಾದಿ ತಪ್ಪಿಸಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಎರಡು ಕಿಡಿಗಳಂತೆ, ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳಾಗುತ್ತವೆ. 50 ಹರ್ಟ್ಸ್‌ನ ವಿದ್ಯುತ್ ಮಾರ್ಗದಲ್ಲಿ ಸಡಿಲ ಜೋಡಣೆಯಿಂದ ಕಿಡಿ ಹಾರಿದರೆ ಅದರ ಕಂತುಗಳೂ ಸೆಕೆಂಡಿಗೆ 100. ಹೆದ್ದಾರಿಯ ವೇಗದಲ್ಲಿ ಎರಡರ ಸ್ವರ ಒಂದೇ. ಗೇರ್ ಬದಲಿಸಿದಾಗ ಸ್ವರ ಬದಲಾದರೆ ಎಂಜಿನ್ನು, ಬದಲಾಗದಿದ್ದರೆ ಕಂಬ. ಬದಲಾಗಲಿಲ್ಲ, ಎಂಜಿನ್ ಆರಿಸಿದರೂ ಸದ್ದು ಹಾಗೇ ಇತ್ತು. ಪಕ್ಕದಲ್ಲೇ 11 ಕೆವಿ ಮಾರ್ಗದ ಕಂಬವೊಂದಿದ್ದು, ಅದನ್ನು ದಾಟಿ ಹೋದಂತೆ ಗದ್ದಲ ಇಳಿಯಿತು. ಕಂಬದ ಸಂಖ್ಯೆಯನ್ನು ಬರೆದುಕೊಂಡು ಆ ಭಾಗದ ಲೈನ್‌ಮನ್‌ಗೆ ತಿಳಿಸಲಾಗಿದೆ. ಇಂಥ ಸಡಿಲ ಜೋಡಣೆಗಳು ಒಣ ಹವೆಯಲ್ಲಿ ಹೆಚ್ಚು ಸದ್ದು ಮಾಡಿ, ಮಳೆ ಬಿದ್ದಾಗ ಸುಮ್ಮನಾಗುವುದು ಸಾಮಾನ್ಯ. ಮಳೆಗಾಲದಲ್ಲಿ ಹುಡುಕಹೊರಟರೆ ಸಿಗಲಿಕ್ಕಿಲ್ಲ.

ಡೀಸೆಲ್ ಗಾಡಿಯಾಗಿದ್ದರೆ ಈ ತೊಂದರೆ ಇರುತ್ತಿರಲಿಲ್ಲವಲ್ಲ ಎಂದು ಕೆಲವರು ಕೇಳಿದ್ದಾರೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ ಎಂಬುದು ಸರಿ. ಆದ್ದರಿಂದಲೇ ಹಳೆಯ ಡೀಸೆಲ್ ಜೀಪುಗಳೆಂದರೆ ಹ್ಯಾಮ್‌ಗಳಿಗೆ ಅಚ್ಚುಮೆಚ್ಚು. ಈಗಿನ ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಇಂಜೆಕ್ಟರುಗಳನ್ನು ವಿದ್ಯುತ್ ಸ್ಪಂದಗಳೇ ತೆರೆಯುವುದರಿಂದ ಆ ಮಾತು ಪೂರ್ತಿ ನಿಲ್ಲುವುದಿಲ್ಲ, ಆಲ್ಟರ್ನೇಟರಂತೂ ಎರಡಕ್ಕೂ ಸಮಾನ.

ಸದ್ಯಕ್ಕೆ ಎಂಜಿನ್ ಓಡುವಾಗ ಗದ್ದಲ ಎಸ್4ರಲ್ಲಿದೆ. ಬ್ಲಾಂಕರ್ ಹಾಕಿದರೆ ಎಂಜಿನ್ ಆರಿಸಿದ ಸ್ಥಿತಿಗೂ ಇದಕ್ಕೂ ಕಿವಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನ ಮೋಟಾರಿನಿಂದ ಒಂದು ಗುರುಗುಟ್ಟುವಿಕೆ ಬರುತ್ತದೆ. ಅದು ಸುರಕ್ಷತೆಗೆ ಸಂಬಂಧಪಟ್ಟ ಭಾಗವಾದ್ದರಿಂದ ಅದರ ತಂತಿಗಳನ್ನು ಮುಟ್ಟದಿರಲು ತೀರ್ಮಾನಿಸಲಾಯಿತು. ಸೈಲೆನ್ಸರ್ ಪೈಪು ರಬ್ಬರ್ ತೂಗುಗಳಲ್ಲಿ ನೇತಾಡುತ್ತಿದ್ದು, ಎಂಜಿನ್ನಿನಿಂದ ಡಿಕ್ಕಿಯ ಕೆಳಗಿನವರೆಗೆ ಗದ್ದಲವನ್ನು ಹೊತ್ತು ತರುವ ಉದ್ದನೆಯ ಆಂಟೆನಾದಂತೆ ಅದು ವರ್ತಿಸಬಲ್ಲದು. ಅದನ್ನು ಎರಡು ಮೂರು ಕಡೆ ಮೈಗೆ ಬಿಗಿಯುವ ಕೆಲಸ ಬಾಕಿ ಇದೆ. ಕಾರು ಮುಂದಿನ ಸರ್ವೀಸಿಗೆ ಲಿಫ್ಟ್ ಏರಿದಾಗ ಅದನ್ನೂ ಮುಗಿಸುವುದಾಗಿ ಮೇಷ್ಟ್ರು ಎಲೆಕ್ಟ್ರಿಷಿಯನ್ ಜೊತೆ ಮಾತಾಡಿಕೊಂಡಿದ್ದಾರೆ.